ಗ್ರೀಷ್ಮದ ಬಿರುಗಾಳಿ: ಒಂದು ಫ್ರೆಂಚ್ ಪ್ರೇಮಚಿತ್ರದಲ್ಲಿ ವಿವಾಲ್ಡಿಯ ಸಂಗೀತ

ಚಲಚ್ಚಿತ್ರದಲ್ಲಿ ಸಂಗೀತವು ಎಷ್ಟಿರಬೇಕು, ಎಲ್ಲಿರಬೇಕು ಎಂಬ ಪ್ರಶ್ನೆಯು ಚಿತ್ರಗಳು ಮಾತನಾಡಲು ಕಲಿತ ಕಾಲದಿಂದಲೂ ಇದ್ದದ್ದೇ. ನಮ್ಮ ದೇಶದ ಚಿತ್ರಗಳಲ್ಲಿ ನಾಯಕನು ಬಾಗಿಲು ತೆರೆದರೂ ಪಿಟೀಲು, ನಾಯಿಕೆಯು ಬಾಗಿಲು ಮುಚ್ಚಿದರೂ ಪಿಟೀಲು. ಪರದೇಶದವರೂ ಈ ವಿಷಯದಲ್ಲಿ ನಮಗಿಂತ ಬಹಳ ಮಿತವ್ಯಯಿಗಳೇನಲ್ಲ. ಅದರಲ್ಲಿಯೂ ಹಿಂದಿನ ಶತಮಾನಗಳ ಕಥೆಯುಳ್ಳ ಪ್ರೇಮಚಿತ್ರವೆಂದರೆ, ಉಬ್ಬಿದ ಲಂಗ, ಮೇಣದ ಬತ್ತಿಯ ದೀಪಗುಚ್ಛ, ಕುದುರೆಯ ಸಾರೋಟು, ಇವುಗಳ ಬೆನ್ನ ಹಿಂದೆ ಒಂದು ವಾದ್ಯವೃಂದವು ಎಡೆಬಿಡದೆ ನುಡಿಯುತ್ತಿರುವುದು ವಾಡಿಕೆ. ಹೀಗಿರುವಾಗ ಸುಮಾರು ಎರಡು ಗಂಟೆಗಳ ಒಂದು ಪ್ರೇಮಚಿತ್ರದಲ್ಲಿ ಸಂಗೀತವನ್ನು ಎಣಿಸಿ ಮೂರೇ ಸಂದರ್ಭಗಳಲ್ಲಿ ಕೇಳಿಸಿ, ಉಳಿದೆಲ್ಲ ಹೊತ್ತು ಕಡಲಿನ ಮೊರೆತ, ಬೆಂಕಿಯ ಚಟಪಟ, ಕಾಗದದ ಮೇಲೆ ಇದ್ದಿಲಿನ ಕಡ್ಡಿ ಉಜ್ಜುವ ಸದ್ದು, ಇಷ್ಟರಿಂದಲೇ ನಡೆಸಿಕೊಂಡು ಹೋದ ನಿರ್ದೇಶಕಿಯೊಬ್ಬಳ ಧೈರ್ಯವನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇವೆ.

ಆ ಚಿತ್ರವು 2019ರಲ್ಲಿ ತೆರೆಕಂಡ ಫ್ರೆಂಚ್ ಚಿತ್ರ. ಇಂಗ್ಲಿಷಿನಲ್ಲಿ ಅದು ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಬರೆದು ನಿರ್ದೇಶಿಸಿದವಳು ಸೆಲೀನ್ ಸಿಯಾಮಾ. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರಕಥೆಯ ಬಹುಮಾನವು ಅದಕ್ಕೆ ಲಭಿಸಿತು. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯು ಜಗತ್ತಿನ ವಿಮರ್ಶಕರ ಮತ ಪಡೆದು ಸಿದ್ಧಪಡಿಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ, ಹುಟ್ಟಿ ಮೂರೇ ವರ್ಷಗಳಾಗಿದ್ದ ಈ ಚಿತ್ರವು 30ನೆಯ ಸ್ಥಾನವನ್ನು ಪಡೆಯಿತು. ಪಟ್ಟಿಗಳ ಮೇಲೆ ನಮಗೆ ಹೇಳಿಕೊಳ್ಳುವಷ್ಟು ಭಕ್ತಿಯಿಲ್ಲವಾದರೂ, ಇಷ್ಟು ಕಡಮೆ ಸದ್ದು ಮಾಡುವ ಚಿತ್ರವೊಂದು ಅಷ್ಟು ಮೇಲಕ್ಕೇರಿತೆಂಬುದು ಗಮನಾರ್ಹವಾದ ಸಂಗತಿಯೇ ಸರಿ.

ಕಥೆ ನಡೆಯುವುದು 1770ರ ಸುಮಾರಿಗೆ, ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಎಂಬ ಕಡಲ ಸೀಮೆಯಲ್ಲಿ. ಮರಿಯಾನ್ ಎಂಬ ಚಿತ್ರಕಾರ್ತಿಯು ಒಬ್ಬ ಕೌಂಟೆಸಳ ಮನೆಗೆ ಬರುತ್ತಾಳೆ. ಆ ಮನೆಯ ಮಗಳು ಎಲೋಯಿಸಳ ಭಾವಚಿತ್ರವನ್ನು ಬರೆದು ಮಿಲಾನ್ ನಗರದ ವರನಿಗೆ ಕಳುಹಿಸಬೇಕಾಗಿದೆ. ಚಿತ್ರವು ಒಪ್ಪಿಗೆಯಾದರೆ ಮದುವೆ. ನಮ್ಮಲ್ಲಿ ಹೆಣ್ಣಿನ ಭಾವಚಿತ್ರವನ್ನು ಅಂಚೆಯಲ್ಲಿ ಕಳುಹಿಸಿ ಉತ್ತರಕ್ಕೆ ಕಾಯುತ್ತಿದ್ದ ಕಾಲವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ವರನು ಮೊದಲು ಗೊತ್ತಾಗಿದ್ದುದು ಎಲೋಯಿಸಳ ಅಕ್ಕನಿಗೆ. ಆ ಅಕ್ಕ ಕಡಲ ಬಂಡೆಯಿಂದ ಬಿದ್ದು ಸತ್ತಳು. ಅವಳ ಸ್ಥಾನವನ್ನು ತುಂಬಲು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿದ್ದ ತಂಗಿಯನ್ನು ಕರೆಯಿಸಿದ್ದಾರೆ. ಎಲೋಯಿಸಳು ಚಿತ್ರಕ್ಕೆ ಕುಳಿತುಕೊಳ್ಳಲು ಒಪ್ಪುವುದಿಲ್ಲ. ಆದುದರಿಂದ ಮರಿಯಾನಳು ಹಗಲು ವಾಯುಸೇವನೆಯ ಜತೆಗಾತಿಯ ಸೋಗಿನಲ್ಲಿ ಅವಳ ಮುಖವನ್ನು ಕದ್ದು ನೋಡಿ, ರಾತ್ರಿ ಅದನ್ನು ಬಟ್ಟೆಯ ಮೇಲೆ ಮೂಡಿಸಬೇಕಾಗುತ್ತದೆ. ಹೀಗೆ ನೋಡುತ್ತ ನೋಡುತ್ತ ಪ್ರೇಮವು ಅಂಕುರಿಸುತ್ತದೆ. ಪ್ರೇಮವು ಆ ಇಬ್ಬರು ಸ್ತ್ರೀಯರ ನಡುವಿನದು. ತಾಯಿಯು ಪ್ರಯಾಣ ಹೋದ ಕೆಲವೇ ದಿನಗಳ ಅವಧಿಯದು. ಅದಕ್ಕೆ ಮುಂದೆ ದಾರಿಯಿಲ್ಲವೆಂಬುದು ಇಬ್ಬರಿಗೂ ಮೊದಲೇ ತಿಳಿದಿದೆ.

ಸಂಗೀತದ ಮೊದಲ ಸಂದರ್ಭವು ಇಲ್ಲಿ ಬರುತ್ತದೆ. ಮನೆಯಲ್ಲಿ ಬಟ್ಟೆ ಹೊದಿಸಿಟ್ಟ ಒಂದು ಹಾರ್ಪ್ಸಿಕಾರ್ಡ್ ಇದೆ. ಮಠದಲ್ಲಿ ಬೆಳೆದ ಎಲೋಯಿಸಳು ಇಗರ್ಜಿಯ ಆರ್ಗನ್ ವಾದ್ಯವನ್ನು ಕೇಳಿದ್ದಾಳೆಯೇ ಹೊರತು ವಾದ್ಯವೃಂದವನ್ನು ಎಂದೂ ಕೇಳಿದವಳಲ್ಲ. ಅದು ಹೇಗಿರುತ್ತದೆಂದು ಅವಳು ಕೇಳಿದಾಗ, ಸಂಗೀತವನ್ನು ಮಾತಿನಲ್ಲಿ ಹೇಳುವುದು ಸುಲಭವಲ್ಲವೆಂದು ಕಂಡು ಮರಿಯಾನಳು ವಾದ್ಯದ ಮುಂದೆ ಕುಳಿತು ಬೆರಳಾಡಿಸುತ್ತಾಳೆ. ನುಡಿಸುತ್ತಲೇ ವಿವರಿಸುತ್ತಾಳೆ: ಬಿರುಗಾಳಿ ಬರಲಿದೆ, ಕ್ರಿಮಿಕೀಟಗಳಿಗೆ ಅದು ಮೊದಲೇ ತಿಳಿದು ಚಡಪಡಿಸುತ್ತಿವೆ, ಆಮೇಲೆ ಮಿಂಚು, ಗಾಳಿ. ಅಷ್ಟರಲ್ಲಿ ಅವಳಿಗೆ ಮುಂದಿನದು ನೆನಪಾಗುವುದಿಲ್ಲ. ಬೆರಳು ತಡವರಿಸಿ ನಿಲ್ಲುತ್ತದೆ. ಉಳಿದುದನ್ನು ನೀನು ಮಿಲಾನಿನಲ್ಲಿ ಕೇಳುವೆ, ಅದು ಸಂಗೀತದ ನಗರ, ಎಂಬ ಅರ್ಥದ ಸಮಾಧಾನವನ್ನು ಹೇಳುತ್ತಾಳೆ. ವೇಣಿಯಂತೆ ಹೆಣೆದ ಈ ಚಿತ್ರಕಥೆಯಲ್ಲಿ ಆ ತುಂಡಾದ ಸಂಗೀತವು ಒಂದು ಸಾಲವಾಗಿ ಉಳಿಯುತ್ತದೆ. ಅದು ತೀರುವುದು ಚಿತ್ರದ ಕೊನೆಯ ದೃಶ್ಯದಲ್ಲಿ.

ಅವಳು ನುಡಿಸಿದ್ದು ಆಂತೋನಿಯೋ ವಿವಾಲ್ಡಿಯ ‘ನಾಲ್ಕು ಋತುಗಳು’ ಎಂಬ ಕೃತಿಗುಚ್ಛದ ಎರಡನೆಯದಾದ ‘ಗ್ರೀಷ್ಮ’ದ ಕಡೆಯ ಭಾಗ. ಈ ಗುಚ್ಛದ ಮೊದಲನೆಯದಾದ ‘ವಸಂತ’ವನ್ನು ಕೇಳದ ವಾಚಕರು ವಿರಳ. ವಿವಾಲ್ಡಿಯ ಹೆಸರನ್ನು ಅರಿಯದವರೂ ಯಾವುದೋ ಕಚೇರಿಗೆ ದೂರವಾಣಿ ಮಾಡಿ, ‘ದಯವಿಟ್ಟು ಕಾಯಿರಿ’ ಎಂಬ ಅಪ್ಪಣೆಗೆ ಒಳಗಾಗಿ, ಆ ರಾಗವನ್ನು ಕೇಳಿಯೇ ಇರುತ್ತಾರೆ. ಹೀಗೆ ಸವೆದುಹೋದ ನಾಣ್ಯವನ್ನು ಕೈಗೆತ್ತಿಕೊಂಡು ಹೊಸದಾಗಿ ಹೊಳೆಯಿಸುವುದು ಸಾಮಾನ್ಯರಿಂದಾಗುವ ಕೆಲಸವಲ್ಲ.

ಇಲ್ಲಿ ‘ಬರೋಕ್’ ಎಂಬ ಶಬ್ದದ ವಿಷಯವಾಗಿ ಒಂದು ಮಾತು. ಡೊಂಕಾದ, ಸರಿಯಾದ ಗುಂಡಾಕಾರವಿಲ್ಲದ ಮುತ್ತಿಗೆ ಪೋರ್ತುಗೀಜರು ಹೇಳುತ್ತಿದ್ದ ಹೆಸರಿನಿಂದ ಆ ಶಬ್ದ ಬಂದಿತೆನ್ನುತ್ತಾರೆ. ಮೊದಲು ಅದು ಬೈಗುಳ. ಅತಿಯಾದ ಅಲಂಕಾರವುಳ್ಳದ್ದೆಂಬ ನಿಂದೆ. ಅನಂತರ ಸುಮಾರು 1600ರಿಂದ 1750ರವರೆಗಿನ ಯೂರೋಪಿನ ಸಂಗೀತಕ್ಕೆ ಅದೇ ಮರ್ಯಾದೆಯ ಹೆಸರಾಗಿ ನಿಂತಿತು. ಮೊಂತೆವೆರ್ದಿ, ಪರ್ಸೆಲ್, ವಿವಾಲ್ಡಿ, ಬಾಖ್, ಹ್ಯಾಂಡೆಲ್ ಇವರೆಲ್ಲ ಈ ಕಾಲದವರು. ಇಂದಿನ ಪಿಯಾನೋ ಆಗ ಪ್ರಚಾರಕ್ಕೆ ಬಂದಿರಲಿಲ್ಲ. ಹಾರ್ಪ್ಸಿಕಾರ್ಡೇ ಮನೆಮನೆಯ ವಾದ್ಯ. ಪಿಯಾನೋದಲ್ಲಿ ಸುತ್ತಿಗೆಯು ತಂತಿಯನ್ನು ಬಡಿದರೆ, ಹಾರ್ಪ್ಸಿಕಾರ್ಡಿನಲ್ಲಿ ಹಕ್ಕಿಗರಿಯ ಮೊನೆಯು ತಂತಿಯನ್ನು ಮೀಟುತ್ತದೆ. ಅಂದರೆ ನಮ್ಮ ವೀಣೆಯ ಹಾಗೆ ಮೀಟುವ ಜಾತಿ. ಆದರೆ ಒಂದು ಕೊರತೆಯುಂಟು: ಬೆರಳನ್ನು ಮೆಲ್ಲಗೆ ಊರಿದರೂ ಜೋರಾಗಿ ಊರಿದರೂ ಸದ್ದು ಬಹುಮಟ್ಟಿಗೆ ಒಂದೇ. ವೀಣೆಯ ವೈಣಿಕನಿಗಿರುವ ಸ್ವಾತಂತ್ರ್ಯವು ಅದರ ವಾದಕನಿಗಿಲ್ಲ. ಈ ಕೊರತೆಯೇ ಚಿತ್ರದ ಆ ಮೊದಲ ದೃಶ್ಯಕ್ಕೆ ಒದಗಿಬಂದಿದೆ. ಬಿರುಗಾಳಿಯನ್ನು ಹೇಳಹೊರಟ ಆ ಪುಟ್ಟ ವಾದ್ಯದಿಂದ ಬಿರುಗಾಳಿಯ ನೆರಳು ಮಾತ್ರ ಬರುತ್ತದೆ; ಎಲೋಯಿಸಳ ಕಲ್ಪನೆಗೆ ಉಳಿದುದನ್ನು ಬಿಟ್ಟಿರುತ್ತದೆ.

ವಿವಾಲ್ಡಿಯು ಹುಟ್ಟಿದ್ದು ವೆನಿಸ್ ನಗರದಲ್ಲಿ, 1678ರ ಮಾರ್ಚ್ 4ರಂದು. ಆಗ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಅವನ ತಂದೆ ಮೊದಲು ಕ್ಷೌರಿಕ, ಆಮೇಲೆ ಸಂತ ಮಾರ್ಕನ ದೇವಾಲಯದ ಪಿಟೀಲುವಾದಕ. ಮಗನು 1703ರಲ್ಲಿ ಪಾದ್ರಿಯಾದನು. ಕೂದಲು ಕೆಂಪಾಗಿದ್ದುದರಿಂದ ‘ಕೆಂಪು ಪಾದ್ರಿ’ ಎಂಬ ಅಡ್ಡಹೆಸರು ಅವನಿಗೆ ಅಂಟಿತು. ಎದೆ ಬಿಗಿಯುವ ಕಾಯಿಲೆಯ ನಿಮಿತ್ತ ಸ್ವಲ್ಪ ಕಾಲದಲ್ಲಿಯೇ ಪೂಜೆ ನಡೆಸುವುದನ್ನು ಬಿಟ್ಟನು, ಪಿಟೀಲನ್ನು ಬಿಡಲಿಲ್ಲ. ಆ ವರ್ಷವೇ ಪಿಯೆತಾ ಎಂಬ ಅನಾಥಾಲಯದಲ್ಲಿ ಪಿಟೀಲು ಶಿಕ್ಷಕನಾಗಿ ಸೇರಿದನು. ಈ ಅನಾಥಾಲಯದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ನಮ್ಮ ಚಿತ್ರಕ್ಕೂ ಅದಕ್ಕೂ ಒಳಗಿನ ನಂಟಿದೆ.

ವೆನಿಸ್ಸಿನಲ್ಲಿ ಆಗ ಇಂಥ ನಾಲ್ಕು ದೊಡ್ಡ ಧರ್ಮಸಂಸ್ಥೆಗಳಿದ್ದವು. ತಾಯಿತಂದೆಗಳು ತೊರೆದ ಶಿಶುಗಳನ್ನು ಪಿಯೆತಾ ಸಾಕುತ್ತಿತ್ತು. ಗಂಡುಮಕ್ಕಳು ದೊಡ್ಡವರಾದ ಮೇಲೆ ಕೈಕಸಬು ಕಲಿತು ಹೊರಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಕಂಠವೂ ಕೈಯೂ ಚೆನ್ನಾಗಿದ್ದವರಿಗೆ ಸಂಗೀತವನ್ನು ಕಲಿಸಲಾಗುತ್ತಿತ್ತು. ಅವರು ಇಗರ್ಜಿಯ ಮೇಲಂತಸ್ತಿನಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ನಿಂತು ನುಡಿಸುತ್ತಿದ್ದರು. ಕೆಳಗೆ ಕುಳಿತವರಿಗೆ ನಾದ ಕೇಳುತ್ತಿತ್ತೇ ವಿನಾ ಮುಖ ಕಾಣುತ್ತಿರಲಿಲ್ಲ. ಯೂರೋಪಿನ ಮೂಲೆಮೂಲೆಗಳಿಂದ ಪ್ರವಾಸಿಗಳು ಅದನ್ನು ಕೇಳಲೆಂದೇ ಬರುತ್ತಿದ್ದರು. ವಿವಾಲ್ಡಿಯು ಬರೆದ ನೂರಾರು ಕೃತಿಗಳಲ್ಲಿ ಎಷ್ಟೋ ಕೃತಿಗಳು ಮೊದಲು ನುಡಿದದ್ದು ಆ ಜಾಲರಿಯ ಹಿಂದಿನ ಹುಡುಗಿಯರ ಕೈಯಲ್ಲಿ. ಅವರಲ್ಲಿ ಯಾರಾದರೂ ಮದುವೆಯಾಗಿ ಹೊರಗೆ ಹೋದರೆ, ಮುಂದೆ ಸಾರ್ವಜನಿಕರ ಮುಂದೆ ನುಡಿಸಕೂಡದೆಂಬ ಕಟ್ಟಳೆಯಿತ್ತು. ಮಠದಿಂದ ಮದುವೆಗೆ ಸಾಗುವ ಎಲೋಯಿಸಳ ಕಥೆಗೆ, ಹೆಣ್ಣುಮಕ್ಕಳಿಗಾಗಿಯೇ ಬರೆಯುತ್ತಿದ್ದ ಈ ಪಾದ್ರಿಯ ಸಂಗೀತವು ಸಲ್ಲುವಷ್ಟು ಇನ್ನಾವುದೂ ಸಲ್ಲಲಾರದು.

ತತ್ತ್ವಜ್ಞಾನಿ ರೂಸೋ 1743–44ರಲ್ಲಿ ವೆನಿಸ್ಸಿನ ಫ್ರೆಂಚ್ ರಾಯಭಾರಿಯ ಕಾರ್ಯದರ್ಶಿಯಾಗಿದ್ದಾಗ ಇಂಥದೇ ಇನ್ನೊಂದು ಆಲಯದಲ್ಲಿ ಹಾಡುಗಾರಿಕೆಯನ್ನು ಕೇಳಿ ಮರುಳಾದನು. ಜಾಲರಿಯ ಹಿಂದೆ ಅಪ್ಸರೆಯರೇ ಇರಬೇಕೆಂದು ಬಗೆದು, ಅವರನ್ನು ಕಾಣಲೇಬೇಕೆಂದು ಹಟ ಹಿಡಿದು ಭೇಟಿಯ ಏರ್ಪಾಡು ಮಾಡಿಸಿಕೊಂಡನಂತೆ. ಕಂಡವರಲ್ಲಿ ಒಬ್ಬಳಿಗೆ ಒಂದು ಕಣ್ಣಿಲ್ಲ. ಮತ್ತೊಬ್ಬಳ ಮುಖವೆಲ್ಲ ಸಿಡುಬಿನ ಕಲೆ. ರೂಸೋ ಹತಾಶನಾದನು. ಆದರೆ ಮತ್ತೆ ಹಾಡು ಕೇಳಿದಾಗ ಅವರೆಲ್ಲರೂ ಸುಂದರಿಯರೇ ಎಂದು ಅವನ ಕಣ್ಣು ಹಟಹಿಡಿಯಿತೆಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಕಣ್ಣು ದೊಡ್ಡದೋ ಕಿವಿ ದೊಡ್ಡದೋ ಎಂಬ ಈ ತಗಾದೆಯನ್ನೇ ಸಿಯಾಮಾ ಒಂದು ಚಿತ್ರವಾಗಿಸಿದ್ದಾಳೆಂದರೂ ತಪ್ಪಾಗದು.

‘ನಾಲ್ಕು ಋತುಗಳು’ ಅಚ್ಚಾದದ್ದು 1725ರಲ್ಲಿ, ಆಮ್‌ಸ್ಟರ್ಡಾಮಿನಲ್ಲಿ. ಹನ್ನೆರಡು ಕೃತಿಗಳ ಒಂದು ಸಂಪುಟದ ಮೊದಲ ನಾಲ್ಕು. ಅದನ್ನು ಮೊರ್ಜಿನ್ ಎಂಬ ಬೊಹೀಮಿಯದ ಕೌಂಟನಿಗೆ ಅರ್ಪಿಸಲಾಗಿತ್ತು. ಪ್ರತಿಯೊಂದು ಋತುವಿನೊಡನೆ ಹದಿನಾಲ್ಕು ಸಾಲಿನ ಒಂದು ಸಾನೆಟ್ಟೂ ಅಚ್ಚಾಯಿತು. ಪದ್ಯದ ಯಾವ ಸಾಲು ಸಂಗೀತದ ಯಾವ ಸ್ಥಳಕ್ಕೆ ಸಲ್ಲುವುದೆಂಬ ಗುರುತನ್ನೂ ಹಾಕಿಕೊಟ್ಟಿತ್ತು. ನಮಗೆ ಆರು ಋತುಗಳು. ಗ್ರೀಷ್ಮದ ಉರಿ ಬೇರೆ, ವರ್ಷದ ಸುರಿ ಬೇರೆ. ನಾಲ್ಕೇ ಋತುಗಳಿರುವ ಇಟಲಿಯವನಾದ ವಿವಾಲ್ಡಿಗೆ ಎರಡೂ ಒಂದೇ ಕೃತಿಯಲ್ಲಿ ಅಡಗಬೇಕಾಯಿತು. ಅದರಿಂದ ಲಾಭವೇ ಆಗಿದೆ.

‘ಗ್ರೀಷ್ಮ’ದಲ್ಲಿ ಮೂರು ಭಾಗಗಳು. ಮೊದಲನೆಯದು ಬಿಸಿಲಿನಲ್ಲಿ ಬಸವಳಿದ ಮನುಷ್ಯನಂತೆ ಎರಡು ಹೆಜ್ಜೆಯಿಟ್ಟು ನಿಂತು, ಮತ್ತೆ ಎರಡು ಹೆಜ್ಜೆಯಿಟ್ಟು ನಿಲ್ಲುತ್ತದೆ. ನಡುವೆ ಕೋಗಿಲೆ ಕೂಗುತ್ತದೆ, ಬೆಳವನ ಹಕ್ಕಿ ಗುಟುರುಗುಟ್ಟುತ್ತದೆ, ತಂಗಾಳಿ ಸುಳಿಯುತ್ತದೆ. ತಟ್ಟನೆ ಬಡಗಣ ಗಾಳಿ ನುಗ್ಗುತ್ತದೆ, ಕುರುಬನು ತನ್ನ ಗತಿಯೇನೆಂದು ಅಳುತ್ತಾನೆ. ಎರಡನೆಯ ಭಾಗದಲ್ಲಿ ಅವನಿಗೆ ನಿದ್ದೆಯಿಲ್ಲ. ಒಂಟಿ ಪಿಟೀಲು ಅವನ ದಣಿವನ್ನು ಹಾಡುತ್ತಿರಲು, ಉಳಿದ ಪಿಟೀಲುಗಳು ನೊಣ ಕಣಜಗಳಾಗಿ ಅವನ ಸುತ್ತ ಗುಂಯ್‌ಗುಡುತ್ತವೆ, ದೂರದಲ್ಲಿ ಗುಡುಗು ಉರುಳುತ್ತದೆ. ಮರಿಯಾನಳು ಹೇಳಿದ ಕ್ರಿಮಿಕೀಟಗಳು ಇವೇ. ಮೂರನೆಯದು ಬಿರುಗಾಳಿ. ಒಂದೇ ಸ್ವರವನ್ನು ಕಮಾನಿನಿಂದ ಬಿಡುವಿಲ್ಲದೆ ತ್ವರಿತಗತಿಯಲ್ಲಿ ಉಜ್ಜುತ್ತ, ಸ್ವರಪಂಕ್ತಿಗಳು ಮೇಲಿನಿಂದ ಕೆಳಕ್ಕೆ ಆಲಿಕಲ್ಲಿನಂತೆ ಸುರಿಯುತ್ತವೆ; ಪೈರಿನ ತೆನೆಗಳನ್ನು ಕಡಿದು ಹಾಕುತ್ತವೆ. ಯುಗಾದಿ ಕಳೆದ ಮೇಲೆ ಬಯಲುಸೀಮೆಯ ಮೇಲೆ ಎರಗುವ ಆಲಿಕಲ್ಲಿನ ಮಳೆಯನ್ನು ಕಂಡವರು ಇದನ್ನು ಯಾರ ಸಹಾಯವೂ ಇಲ್ಲದೆ ಗುರುತಿಸಬಲ್ಲರು.

ಈ ಕೃತಿಯ ಸ್ವರಶ್ರೇಣಿಯನ್ನು ಪಾಶ್ಚಾತ್ಯರು ‘ಜಿ ಮೈನರ್’ ಎನ್ನುತ್ತಾರೆ. ‘ಮೈನರ್’ ಶ್ರೇಣಿಯ ಒಂದು ರೂಪದ ಸ್ವರಸ್ಥಾನಗಳು ನಮ್ಮ ಕೀರವಾಣಿಯವೇ. ಆದರೆ ಗಮಕವಿಲ್ಲ, ಆಲಾಪನೆಯಿಲ್ಲ. ಅದರ ಬದಲು ಹಲವು ಸ್ವರಗಳು ಒಂದೇ ಕಾಲಕ್ಕೆ ಒಂದರ ಮೇಲೊಂದು ನಿಲ್ಲುತ್ತವೆ. ಪಿಟೀಲು ಮಾತ್ರ ಅದೇ ಪಿಟೀಲು. ನಮ್ಮ ಚೌಡಯ್ಯನವರು ಏಳು ತಂತಿಗಳನ್ನು ಕಟ್ಟಿ ಗಾಯನಕ್ಕೆ ಸಮನಾಗಿ ಮೊಳಗಿಸಿದ ವಾದ್ಯವೂ, ವಿವಾಲ್ಡಿಯ ಕೈಯಲ್ಲಿ ಬಿರುಗಾಳಿಯಾದ ವಾದ್ಯವೂ ಒಂದೇ ಕುಲದವು. ಮುಂಬಯಿಯ ವಾಚಕರಿಗೆ ಪಾಶ್ಚಾತ್ಯ ಸಂಗೀತವು ಬೆಳ್ಳಿತೆರೆಗೆ ಬರುವುದು ಹೊಸತೂ ಅಲ್ಲ. 1961ರ ‘ಛಾಯಾ’ ಚಿತ್ರದಲ್ಲಿ ಸಲೀಲ್ ಚೌಧರಿಯವರು ಮೊಜಾರ್ಟನ ನಲವತ್ತನೆಯ ಸಿಂಫನಿಯ ಮೊದಲ ರಾಗವನ್ನು ಹಿಂದಿಯ ಯುಗಳಗೀತೆಯಾಗಿಸಿದಾಗ, ಅದು ವಿಯೆನ್ನಾದ್ದೆಂದು ಯಾರೂ ಅನುಮಾನಿಸಲಿಲ್ಲ.

ಇನ್ನು ಒಂದು ಸಂಶಯ. 1770ರ ಫ್ರಾನ್ಸಿನಲ್ಲಿ ಒಬ್ಬ ಚಿತ್ರಕಾರ್ತಿಗೆ ವಿವಾಲ್ಡಿಯು ತಿಳಿದಿರುವುದು ಸಾಧ್ಯವೆ? ಸಂಶಯಕ್ಕೆ ಕಾರಣವಿಲ್ಲದಿಲ್ಲ. ವಿವಾಲ್ಡಿಯು 1741ರ ಜುಲೈ 28ರಂದು ವಿಯೆನ್ನಾ ನಗರದಲ್ಲಿ ಬಡವನಾಗಿ ಸತ್ತನು. ಅವನನ್ನು ಬಡವರಂತೆಯೇ ಹೂಳಿದರು. ಸ್ವದೇಶದಲ್ಲಿ ಅವನ ಹೆಸರು ಬೇಗನೆ ಮರೆತುಹೋಯಿತು. ಆದರೆ ಫ್ರಾನ್ಸಿನ ಮಾತು ಬೇರೆ. 1730ರಲ್ಲಿ ಹದಿನೈದನೆಯ ಲೂಯಿ ದೊರೆಯು ‘ವಸಂತ’ವನ್ನು ನುಡಿಸಬೇಕೆಂದು ತಾನೇ ಅಪ್ಪಣೆ ಮಾಡಿದನು. 1760ರ ದಶಕದ ಮಧ್ಯದಲ್ಲಿ ಮಿಶೆಲ್ ಕೊರೆತ್ ಎಂಬವನು ಅದರ ಮೇಲೆ ಲತೀನ್ ಸ್ತೋತ್ರವೊಂದನ್ನು ಕಟ್ಟಿದನು. 1775ರಲ್ಲಿ ಮೇಲೆ ಹೇಳಿದ ರೂಸೋನೇ ಅದನ್ನು ಒಂಟಿ ಕೊಳಲಿಗೆ ಅಳವಡಿಸಿದನು. ಆದುದರಿಂದ ಮರಿಯಾನಳಿಗೆ ಅದು ಗೊತ್ತಿದ್ದಿತೆಂಬುದು ಅಸಂಭವವಲ್ಲ. ಅವಳ ಪಾಲಿಗೆ ಅದು ಹೊಸ ಸಂಗೀತವಾಗಿರದೆ ತಂದೆಯ ಕಾಲದ ಸಂಗೀತವಾಗಿತ್ತು. ಕಡಲಂಚಿನ ಮನೆಯಲ್ಲಿ ಬಟ್ಟೆ ಮುಚ್ಚಿಟ್ಟ ಹಳೆಯ ವಾದ್ಯದ ಮೇಲೆ, ಅರ್ಧ ಮರೆತ ಹಳೆಯ ಸಂಗೀತ: ಇದರಲ್ಲಿ ಔಚಿತ್ಯವಿದೆ.

ಈ ಔಚಿತ್ಯವನ್ನು ಎಲ್ಲರೂ ಪಾಲಿಸುವುದಿಲ್ಲ. ಪಾಲಿಸಲೇಬೇಕೆಂದು ನಾವೂ ಹೇಳುವುದಿಲ್ಲ. 1995ರಲ್ಲಿ ಬಿ.ಬಿ.ಸಿ.ಯವರು ತೆಗೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಧಾರಾವಾಹಿಯಲ್ಲಿ ಡಾರ್ಸಿ–ಎಲಿಜಬೆತ್ ಇಬ್ಬರೂ ಕುಣಿಯುವ ಕುಣಿತವು ಕಥೆಯ ಕಾಲಕ್ಕಿಂತ ನೂರು ವರ್ಷ ಹಿಂದಿನದು. 2005ರಲ್ಲಿ ಜೋ ರೈಟ್ ಅದೇ ಕಾದಂಬರಿಯನ್ನು ಚಿತ್ರವಾಗಿಸಿದಾಗ, ಸಂಗೀತಕಾರ ದಾರಿಯೋ ಮಾರಿಯಾನೆಲ್ಲಿ ಹೆನ್ರಿ ಪರ್ಸೆಲನ ಮೊರೆಹೊಕ್ಕನು. ಆ ಕುಣಿತದ ರಾಗವನ್ನು ಪರ್ಸೆಲನು ಒಂದು ನಾಟಕಕ್ಕಾಗಿ ಬರೆದದ್ದು 1695ರಲ್ಲಿ, ಮೂವತ್ತಾರರ ಹರೆಯದಲ್ಲಿ ತಾನು ಸಾಯುವ ವರ್ಷ. ಅದನ್ನೇ ಬೆಂಜಮಿನ್ ಬ್ರಿಟನ್ 1945ರಲ್ಲಿ ಮಕ್ಕಳಿಗೆ ವಾದ್ಯವೃಂದವನ್ನು ಪರಿಚಯಿಸುವ ಕೃತಿಗೆ ಆಧಾರವಾಗಿರಿಸಿಕೊಂಡಿದ್ದನು. ಕಾಲವ್ಯತ್ಯಾಸವೇನೋ ಇದೆ. ಆದರೂ ಗಂಭೀರವಾದ, ತುಸು ದುಃಖದ ಆ ನಡಿಗೆಯಲ್ಲಿ ಇಬ್ಬರು ಬಿಗುಮಾನಿಗಳು ಒಬ್ಬರನ್ನೊಬ್ಬರು ಸುತ್ತುವಾಗ, ಸುತ್ತಲಿನ ಜನವೆಲ್ಲ ಮಾಯವಾಗುವ ಆ ಕ್ಷಣವನ್ನು ಕಂಡವರು ಇತಿಹಾಸದ ಪುಸ್ತಕವನ್ನು ತೆರೆಯಲು ಹೋಗುವುದಿಲ್ಲ.

1975ರ ‘ಬ್ಯಾರಿ ಲಿಂಡನ್’ ಚಿತ್ರದ ಪ್ರಸಂಗವು ಇನ್ನೂ ಸ್ವಾರಸ್ಯವಾದದ್ದು. ಸ್ಟಾನ್ಲಿ ಕ್ಯೂಬ್ರಿಕನು ಹದಿನೆಂಟನೆಯ ಶತಮಾನದ ಆ ಕಥೆಗೆ ಹ್ಯಾಂಡೆಲನ ಒಂದು ಸಾರಾಬಾಂದ್ ಕುಣಿತವನ್ನು ತೆಗೆದುಕೊಂಡನು. ಒಂಟಿ ಹಾರ್ಪ್ಸಿಕಾರ್ಡಿಗೆಂದು ಬರೆದಿದ್ದ ಅದನ್ನು ಲಿಯೊನಾರ್ಡ್ ರೋಸನ್‌ಮನ್ ವಾದ್ಯವೃಂದಕ್ಕೆ ಹಿಗ್ಗಿಸಿ ದ್ವಂದ್ವಯುದ್ಧದ ಮೃದಂಗಘಾತದಂತೆ ಮೊಳಗಿಸಿ ಆಸ್ಕರ್ ಪಾರಿತೋಷಕವನ್ನು ಗಳಿಸಿದನು. ಆದರೆ ಪ್ರೇಮದೃಶ್ಯಕ್ಕೆ ಬಂದಾಗ ಕ್ಯೂಬ್ರಿಕನು 1827ರ ಶೂಬರ್ಟನ ಕೃತಿಯನ್ನು ಆರಿಸಿಕೊಂಡನು. ಹದಿನೆಂಟನೆಯ ಶತಮಾನದ ಸಂಗೀತವನ್ನೆಲ್ಲ ಹುಡುಕಿ ನೋಡಿದರೂ ಅದರಲ್ಲಿ ದುರಂತ ಪ್ರೇಮಕ್ಕೆ ಒಪ್ಪುವ ರಾಗವು ತನಗೆ ಸಿಕ್ಕಲಿಲ್ಲವೆಂಬುದು ಅವನು ಕೊಟ್ಟ ಕಾರಣ. ಕ್ಯೂಬ್ರಿಕನಂಥ ಮಹಾನುಭಾವನ ಮಾತನ್ನು ತಳ್ಳಿಹಾಕಲು ನಾವಾರು? ಆದರೆ ನಲವತ್ತನಾಲ್ಕು ವರ್ಷಗಳ ಅನಂತರ ಒಬ್ಬ ಫ್ರೆಂಚ್ ನಿರ್ದೇಶಕಿಯು ಆ ಮಾತಿಗೆ ಉತ್ತರ ಕೊಟ್ಟಿದ್ದಾಳೆ. ಕುರುಬನ ಪೈರು ಹಾಳಾಗುವ ಬಿರುಗಾಳಿಯಲ್ಲಿಯೇ ದುರಂತ ಪ್ರೇಮವು ಅಡಗಿತ್ತು. ಅದನ್ನು ಕೇಳುವ ಕಿವಿ ಬೇಕಾಗಿತ್ತು.

ಇಂಥ ಕಿವಿಯನ್ನು ತಯಾರಿಸುವುದಕ್ಕಾಗಿಯೇ ಸಿಯಾಮಾ ಚಿತ್ರದುದ್ದಕ್ಕೂ ಮೌನವನ್ನು ಬಿತ್ತಿದ್ದಾಳೆ. ಆ ಕಾಲದ ಜನರಿಗೆ ಸಂಗೀತವು ಎಷ್ಟು ಅಪರೂಪವಾಗಿತ್ತೆಂಬುದನ್ನು ಪ್ರೇಕ್ಷಕನು ಮೈಮೇಲೆಯೇ ಅನುಭವಿಸಬೇಕೆಂಬುದು ತನ್ನ ಉದ್ದೇಶವೆಂದು ಅವಳೇ ಹೇಳಿದ್ದಾಳೆ. ಇದು ಯೋಚಿಸತಕ್ಕ ಮಾತು. ನಮ್ಮ ಉಪಾಹಾರಗೃಹಗಳಲ್ಲಿ ಬೆಳಗಿನ ಸುಪ್ರಭಾತದಿಂದ ರಾತ್ರಿ ಕದ ಹಾಕುವವರೆಗೂ ಹಾಡು ನಡೆದೇ ಇರುತ್ತದೆ; ಇಡ್ಲಿ ತಿನ್ನುವ ಗಿರಾಕಿಯು ಅದನ್ನು ಕೇಳುವುದಿಲ್ಲ. ವಿದ್ಯುತ್ತು ಹೋಗಿ ಹಾಡು ನಿಂತಾಗ ಮಾತ್ರ ತಲೆಯೆತ್ತಿ ನೋಡುತ್ತಾನೆ. ಇದು ಗಲ್ಲಾದ ಮೇಲೆ ವರ್ಷಗಟ್ಟಲೆ ಕುಳಿತು ಕಂಡ ಸತ್ಯ.

ಎರಡನೆಯ ಸಂಗೀತ ಸಂದರ್ಭವು ಬರೋಕ್ ಕಾಲಕ್ಕೆ ಸೇರಿದುದಲ್ಲ. ರಾತ್ರಿ ಬಯಲಿನಲ್ಲಿ ಬೆಂಕಿಯ ಸುತ್ತ ನೆರೆದ ಹಳ್ಳಿಯ ಹೆಂಗಸರು ಗುನುಗಲಾರಂಭಿಸಿ, ಚಪ್ಪಾಳೆಯ ಲಯಕ್ಕೆ ಲತೀನ್ ಮಾತುಗಳನ್ನು ಮತ್ತೆ ಮತ್ತೆ ಹಾಡುತ್ತಾರೆ. ಅದನ್ನು ಪಾರಾ ವನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಸಂಗೀತಗಾರನೂ ಆರ್ಥರ್ ಸಿಮೊನಿನಿಯೂ ಈ ಚಿತ್ರಕ್ಕಾಗಿಯೇ ರಚಿಸಿದರು. ಹಾಡು ಏರಿದಂತೆ ಎಲೋಯಿಸಳ ಲಂಗದ ಅಂಚಿಗೆ ಬೆಂಕಿ ತಗುಲುತ್ತದೆ; ಚಿತ್ರದ ಹೆಸರು ಅಲ್ಲಿಂದ ಬಂದುದು. ಪರಿಣಾಮಕಾರಿಯಾದ ದೃಶ್ಯವೆಂಬುದು ನಿಜ. ಆದರೂ ಅಷ್ಟು ಪಳಗಿದ, ಅಷ್ಟು ಅಚ್ಚುಕಟ್ಟಾದ ಹಾಡುಗಾರಿಕೆಯು ಹಳ್ಳಿಯ ಹೆಂಗಸರ ಬಾಯಿಂದ ಬಂತೆಂದು ನಂಬಲು ನಮ್ಮ ಮನಸ್ಸು ಸ್ವಲ್ಪ ಹಿಂದೆಗೆಯಿತು.

ಚಿತ್ರದ ನಡುವೆ ಮೂವರು ಹೆಂಗಸರು, ಒಡತಿ, ಚಿತ್ರಕಾರ್ತಿ, ಮನೆಗೆಲಸದ ಸೋಫಿ, ದೀಪದ ಬೆಳಕಿನಲ್ಲಿ ಓವಿಡನ ಕಾವ್ಯದಿಂದ ಓರ್ಫಿಯಸನ ಕಥೆಯನ್ನು ಓದುತ್ತಾರೆ. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುವಾಗ ತಿರುಗಿ ನೋಡಕೂಡದೆಂಬ ನಿಬಂಧನೆ. ಅವನು ತಿರುಗಿ ನೋಡಿಯೇ ಬಿಟ್ಟನು. ಏಕೆ ನೋಡಿದನೆಂದು ಮೂವರಲ್ಲಿ ಚರ್ಚೆ. ಸೋಫಿಗೆ ಕೋಪ. ಅವನು ಪ್ರೇಮಿಯ ಆಯ್ಕೆಯನ್ನು ಬಿಟ್ಟು ಕವಿಯ ಆಯ್ಕೆಯನ್ನು ಮಾಡಿದನು, ಹೆಂಡತಿಯ ಬದಲು ಅವಳ ನೆನಪನ್ನು ಆರಿಸಿಕೊಂಡನು ಎಂಬುದು ಮರಿಯಾನಳ ವಾದ. ಓರ್ಫಿಯಸನೆಂದರೆ ವೀಣೆ ನುಡಿಸಿ ಯಮನನ್ನು ಒಲಿಸಿದ ಗಾಯಕ. ಬರೋಕ್ ಸಂಗೀತದ ಬಾಗಿಲು ತೆರೆದದ್ದೇ ಅವನ ಕಥೆಯಿಂದ: ಉಳಿದುಬಂದಿರುವ ಅತಿ ಹಳೆಯ ಗೀತನಾಟಕವಾದ ಪೆರಿಯ ‘ಯೂರಿಡಿಚೆ’ 1600ರದು, ಮಾಂತುವಾ ನಗರದಲ್ಲಿ ಮೊಂತೆವೆರ್ದಿಯ ‘ಓರ್ಫೆಯೋ’ ನಡೆದದ್ದು 1607ರಲ್ಲಿ. ಈ ಸಂಗತಿಯನ್ನು ಚಿತ್ರವೆಲ್ಲಿಯೂ ಎತ್ತಿ ಹೇಳುವುದಿಲ್ಲ. ತಿಳಿದವರಿಗೆ ತಿಳಿಯಲಿ ಎಂದು ಬಿಟ್ಟಿದೆ.

ಕೊನೆಯ ದೃಶ್ಯಕ್ಕೆ ಬರೋಣ. ವರ್ಷಗಳು ಕಳೆದಿವೆ. ಮರಿಯಾನಳು ಒಂದು ಚಿತ್ರಪ್ರದರ್ಶನದಲ್ಲಿ ತಾನು ಬರೆದ ಚಿತ್ರವನ್ನು ತಂದೆಯ ಹೆಸರಿನಲ್ಲಿ ತೂಗುಹಾಕಿಸಿದ್ದಾಳೆ. ಅದಕ್ಕೆ ಕಾರಣವಿತ್ತು, 1770ರಲ್ಲಿ ಫ್ರಾನ್ಸಿನ ರಾಜ ಚಿತ್ರಕಲಾ ಅಕಾಡೆಮಿಯು ಸ್ತ್ರೀಸದಸ್ಯರು ನಾಲ್ವರನ್ನು ಮೀರಕೂಡದೆಂದು ಗೊತ್ತುಪಡಿಸಿತ್ತು. ಅಲ್ಲಿ ಅವಳು ಎಲೋಯಿಸಳ ಇನ್ನೊಂದು ಭಾವಚಿತ್ರವನ್ನು ಕಾಣುತ್ತಾಳೆ. ಪಕ್ಕದಲ್ಲಿ ಮಗು, ಕೈಯಲ್ಲಿ ಪುಸ್ತಕ, ಇಬ್ಬರಿಗೇ ಗೊತ್ತಿರುವ 28ನೆಯ ಪುಟದಲ್ಲಿ ಬೆರಳು. ಅನಂತರ ಮತ್ತೊಮ್ಮೆ, ಕಡೆಯ ಬಾರಿ, ಸಂಗೀತ ಕಚೇರಿಯೊಂದರಲ್ಲಿ ಎದುರು ಬದಿಯ ಮೇಲಂತಸ್ತಿನಲ್ಲಿ ಅವಳು ಒಬ್ಬಳೇ ಕುಳಿತಿರುವುದು ಕಾಣುತ್ತದೆ. ಮರಿಯಾನಳ ಕಡೆಗೆ ಅವಳು ತಿರುಗುವುದಿಲ್ಲ. ವಾದ್ಯವೃಂದವು ‘ಗ್ರೀಷ್ಮ’ದ ಮೂರನೆಯ ಭಾಗವನ್ನು ಎತ್ತಿಕೊಳ್ಳುತ್ತದೆ.

ನುಡಿಸುವವರನ್ನು ನಿರ್ದೇಶಕಿಯು ನಮಗೆ ತೋರಿಸುವುದೇ ಇಲ್ಲ. ಎರಡು ನಿಮಿಷಕ್ಕೂ ಮಿಗಿಲಾಗಿ ಛಾಯಾಗ್ರಾಹಕಿ ಕ್ಲೇರ್ ಮಾಥೋನಳ ಕ್ಯಾಮರವು ಎಲೋಯಿಸಳ ಮುಖವೊಂದನ್ನೇ ಹಿಡಿದು, ಮೆಲ್ಲಮೆಲ್ಲನೆ ಹತ್ತಿರ ಹೋಗುತ್ತದೆ. ನಟಿ ಅದೆಲ್ ಎನೆಲಳ ಆ ಮುಖದಲ್ಲಿ ಮೊದಲು ಗುರುತು ಹಿಡಿದ ಬೆರಗು, ಆಮೇಲೆ ಏರುವ ಉಸಿರು, ಕಣ್ಣೀರು, ಕಣ್ಣೀರಿನ ನಡುವೆಯೇ ಒಂದು ನಗೆ, ಮತ್ತೆ ಕಣ್ಣೀರು. ಅಂದು ಮರಿಯಾನಳ ಬೆರಳು ಎಲ್ಲಿ ತಡವರಿಸಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ ಸಂಗೀತವು ದಾಟಿ ಹೋಗುತ್ತದೆ; ಹೇಳದೆ ಉಳಿದಿದ್ದುದನ್ನೆಲ್ಲ ಅವಳು ಈಗ ಕೇಳುತ್ತಿದ್ದಾಳೆ. ಇಷ್ಟು ದಿನ ಒಬ್ಬಳು ಇನ್ನೊಬ್ಬಳನ್ನು ನೋಡಿದ ಕಥೆಯಾಗಿದ್ದುದು ಇಲ್ಲಿ ಒಬ್ಬಳು ಕೇಳಿದ ಕಥೆಯಾಗುತ್ತದೆ. ಬಿರುಗಾಳಿಯ ರಭಸಕ್ಕೂ ಅಲುಗದೆ ಕುಳಿತ ದೇಹಕ್ಕೂ ಇರುವ ಅಂತರವನ್ನು ನೋಡಿಯೇ ತಿಳಿಯಬೇಕು. ಇದೇ ಜಾಗದಲ್ಲಿ ಯಾವನಾದರೂ ಸಂಗೀತ ನಿರ್ದೇಶಕನು ಕರುಣರಸದ ನಿಧಾನವಾದ ರಾಗವೊಂದನ್ನು ಹೊಸೆದು ಕೊಟ್ಟಿದ್ದರೆ, ಪ್ರೇಕ್ಷಕರು ಅತ್ತು, 

ಬಾಗಿಲು ದಾಟುವಷ್ಟರಲ್ಲಿ ಮರೆಯುತ್ತಿದ್ದರು.

ವಿವಾಲ್ಡಿಯ ಮರುಹುಟ್ಟಿನ ಕಥೆಯೂ ಕೇಳತಕ್ಕದ್ದು. 1926ರಲ್ಲಿ ಇಟಲಿಯ ಪೀಡ್ಮಾಂಟಿನಲ್ಲಿ ಸಲೇಸಿಯನ್ ಪಾದ್ರಿಗಳ ಒಂದು ವಿದ್ಯಾಲಯವು ಹಣದ ಅಗತ್ಯ ಬಿದ್ದು, ತನ್ನಲ್ಲಿದ್ದ ಹಳೆಯ ಸಂಗೀತದ ಹಸ್ತಪ್ರತಿಗಳ ಬೆಲೆಯನ್ನು ತಿಳಿಯಲು ತೂರಿನ್ ನಗರದ ಗ್ರಂಥಾಲಯವನ್ನು ವಿಚಾರಿಸಿತು. ಪೆಟ್ಟಿಗೆಗಳಲ್ಲಿ ವಿವಾಲ್ಡಿಯ ಕೈಬರಹದ ಹದಿನಾಲ್ಕು ಸಂಪುಟಗಳಿದ್ದವು. ಸರ್ಕಾರದ ಬಳಿ ಹಣವಿರಲಿಲ್ಲ. ಎಳೆಯ ಮಗನನ್ನು ಕಳೆದುಕೊಂಡಿದ್ದ ರೊಬೆರ್ತೊ ಫೊಆ ಎಂಬ ವ್ಯವಹಾರಸ್ಥನು ಮಗನ ಹೆಸರಿನಲ್ಲಿ ಅವುಗಳನ್ನು ಕೊಂಡು ಗ್ರಂಥಾಲಯಕ್ಕೆ ದಾನ ಮಾಡಿದನು. ಪುಟಸಂಖ್ಯೆಗಳನ್ನು ಹೊಂದಿಸಿ ನೋಡಲಾಗಿ ಅದು ಸಂಗ್ರಹದ ಅರ್ಧ ಮಾತ್ರವೆಂದು ತಿಳಿಯಿತು. ಉಳಿದರ್ಧವು ಜಿನೋವಾದ ಒಬ್ಬ ಶ್ರೀಮಂತನಲ್ಲಿತ್ತು; 1930ರಲ್ಲಿ ಅದನ್ನು ಕೊಂಡು ಕೊಟ್ಟವನು ಫಿಲಿಪ್ಪೊ ಜೊರ್ದಾನೊ ಎಂಬ ಬಟ್ಟೆ ತಯಾರಕ. ಅವನ ಮಗನೂ ಎಳವೆಯಲ್ಲಿಯೇ ತೀರಿಕೊಂಡಿದ್ದನು. ಇಂದಿಗೂ ಆ ಸಂಗ್ರಹಗಳಿಗೆ ಆ ಇಬ್ಬರು ಮಕ್ಕಳ ಹೆಸರುಗಳೇ ಇವೆ.

‘ನಾಲ್ಕು ಋತುಗಳು’ ಮೊದಲೇ ಅಚ್ಚಾಗಿದ್ದುದರಿಂದ ಕಳೆದುಹೋಗಿರಲಿಲ್ಲ, ಕೇಳುವವರಿರಲಿಲ್ಲ, ಅಷ್ಟೆ. ಅದನ್ನು ಜಗತ್ತಿನ ಕಿವಿಗೆ ಮುಟ್ಟಿಸಿದವರಲ್ಲಿ ಒಬ್ಬನು ಲೂಯಿ ಕೌಫ್‌ಮನ್ ಎಂಬ ಅಮೆರಿಕದ ಪಿಟೀಲುವಾದಕ. 1947ರ ಕೊನೆಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅವನು ಇವುಗಳನ್ನು ಧ್ವನಿಮುದ್ರಿಸಿದನು. ಈತನ ಹೊಟ್ಟೆಪಾಡಿನ ಉದ್ಯೋಗ ಯಾವುದೆಂದರೆ ಹಾಲಿವುಡ್ಡಿನ ಚಿತ್ರಗಳ ಹಿನ್ನೆಲೆಯಲ್ಲಿ ಪಿಟೀಲು ನುಡಿಸುವುದು. ‘ಗಾನ್ ವಿತ್ ದಿ ವಿಂಡ್’ ಮೊದಲಾದ ಚಿತ್ರಗಳಲ್ಲಿ ಕೇಳುವ ಪಿಟೀಲುಗಳಲ್ಲಿ ಅವನದೂ ಒಂದು. ಹೀಗೆ ವಿವಾಲ್ಡಿಗೂ ಪ್ರೇಮಚಿತ್ರಗಳಿಗೂ ಸಂಬಂಧ ಬೆಳೆದದ್ದು ನಿನ್ನೆ ಮೊನ್ನೆಯಲ್ಲ. 1989ರಲ್ಲಿ ನೈಜಲ್ ಕೆನೆಡಿಯ ಧ್ವನಿಮುದ್ರಿಕೆಯು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿ ಖರ್ಚಾಯಿತು.

ಚಿತ್ರವನ್ನು ನೋಡಿ ಬಂದ ಅನೇಕರು ಆ ಮೂರನೆಯ ಭಾಗವನ್ನು ಮಾತ್ರ ಹುಡುಕಿ, ಮೂರು ನಿಮಿಷಗಳಲ್ಲಿ ಕೇಳಿ ಮುಗಿಸುತ್ತಾರೆಂದು ಕಾಣುತ್ತದೆ. ‘ಗ್ರೀಷ್ಮ’ವಿಡೀ ಹತ್ತು ಹನ್ನೊಂದು ನಿಮಿಷಗಳದು. ಮೊದಲ ಭಾಗದ ಆ ಬಸವಳಿದ ಬಿಸಿಲಿನಿಂದ ಆರಂಭಿಸಿ, ನೊಣಗಳ ಕಾಟವನ್ನು ಸಹಿಸಿಕೊಂಡು, ಗುಡುಗಿಗೆ ಕಾದಿದ್ದು ಕೇಳಬೇಕು. ಮೊಬೈಲಿನ ಸಣ್ಣ ಧ್ವನಿವರ್ಧಕದಲ್ಲಿ ಬೇಡ, ಮನೆಯಲ್ಲಿ ಬೇರೆ ಸದ್ದಿಲ್ಲದ ಹೊತ್ತಿನಲ್ಲಿ.